ಆರನೆಯ ಸೀಳು

ಫೆಬ್ರವರಿ ತಿಂಗಳ ಎರಡನೆಯ ಭಾನುವಾರ, ಬೆಳಿಗ್ಗೆ ಒಂಬತ್ತು ಗಂಟೆ. ಸ್ಥಳ, ಒಂಟಿಕೊಪ್ಪಲಿನ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಮೇಲಂತಸ್ತು. ಹಾಜರಿದ್ದವರು ನಾಲ್ವರು: ಡಾಕ್ಟರು, ಬೋಗಾದಿಯ ಗ್ಯಾರೇಜ್ ಮೇಸ್ತ್ರಿ, ಮೇಸ್ತ್ರಿಯವರ ಹೆಂಡತಿ, ನಾನು. ಮೇಸ್ತ್ರಿಯವರ ಹೆಂಡತಿ ಅಲ್ಲಿಗೆ ಬಂದದ್ದು ಅದೇ ಮೊದಲು. ಬಟ್ಟೆ ನೆನೆಹಾಕಿ ಬಂದಿದ್ದೇನೆ, ಹನ್ನೊಂದರೊಳಗೆ ಮನೆಯಲ್ಲಿರಬೇಕು ಎಂದು ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಿದರು. ಹೋಗುವ ಹೊತ್ತನ್ನು ಬಂದ ಕೂಡಲೇ ಹೇಳುವವರನ್ನು ಕಂಡರೆ ನನಗೆ ಗೌರವ.

ಅಂದು ಸಂಜೆ ಐದರೊಳಗೆ ಒಂದು ಸಾಲು ತೀರ್ಮಾನವಾಗಿ ಮುದ್ರಣಕ್ಕೆ ಹೋಗಬೇಕಿತ್ತು. ಡಾಕ್ಟರು ಇಪ್ಪತ್ತು ವರ್ಷದಿಂದ ಹಳೆಯ ರೇಸ್ ಕಾರುಗಳ ಫೋಟೋ ಕೂಡಿಟ್ಟವರು. ಮಡ್‌ಗಾರ್ಡ್ ಇಲ್ಲದ, ನಾಲ್ಕು ಚಕ್ರವೂ ಹೊರಗೇ ಕಾಣುವ, ಒಬ್ಬನೇ ಕೂರುವ ಕಾರುಗಳು. ಅವುಗಳಲ್ಲಿ ನಲವತ್ತೆರಡನ್ನು ಆರಿಸಿ ಊರಿನಲ್ಲಿ ಒಂದು ಪ್ರದರ್ಶನಕ್ಕೆ ಇಡುವವರಿದ್ದರು. ಪ್ರತಿ ಫೋಟೋದ ಕೆಳಗೂ ಒಂದು ಫಲಕ: ಯಾವ ಕಾರು, ಎಲ್ಲಿ ಓಡಿದ್ದು, ಯಾರು ಕಟ್ಟಿದ್ದು. ನಲವತ್ತೊಂದು ಫಲಕ ಮುಗಿದಿದ್ದವು. ಉಳಿದ ಒಂದರಲ್ಲಿ, ಹನ್ನೊಂದನೆಯ ನಂಬರಿನ ಕಾರಿನ ಕೆಳಗೆ, ‘ಕಟ್ಟಿದವರು ತಿಳಿದಿಲ್ಲ’ ಎಂದಿತ್ತು. ಆ ಕಾರನ್ನು ಕಟ್ಟಿದ್ದು ತಾನು ಎಂದು ಮೇಸ್ತ್ರಿ ಹೇಳುತ್ತಿದ್ದರು. ಅದನ್ನು ಅವರು ಐವತ್ತು ವರ್ಷದಿಂದ ಹೇಳುತ್ತಲೇ ಬಂದಿದ್ದರು. ಬೋಗಾದಿಯ ಟೀ ಅಂಗಡಿಯಲ್ಲಿ ಅವರು ಬಂದರೆ, ರೇಸು ಬಂತು ಜಾಗ ಬಿಡ್ರೋ ಎಂದು ನಗುವವರಿದ್ದರು. ಅವರಿಗೆ ಈಗ ಎಂಬತ್ತೊಂದು.

ನನ್ನ ವಿಷಯ ಇಷ್ಟು. ಪೊಲೀಸ್ ಇಲಾಖೆಯ ಬೆರಳಚ್ಚು ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ದುಡಿದೆ. ಕಾರು ಓಡಿಸಲು ಬರುವುದಿಲ್ಲ, ಕಲಿಯುವ ಆಸೆಯೂ ಇರಲಿಲ್ಲ. ಮೂರು ವರ್ಷದ ಹಿಂದೆ ಹಲ್ಲು ತುಂಬಿಸಲು ರಾಮಕೃಷ್ಣನಗರದ ನನ್ನ ಮನೆಯಿಂದ ಈ ಕ್ಲಿನಿಕ್ಕಿಗೆ ಬಂದಾಗ, ಡಾಕ್ಟರು ನನ್ನ ಬಾಯಿಗೆ ಹತ್ತಿ ತುರುಕಿ, ಮರುಮಾತಾಡಲಾಗದಂತೆ ಮಾಡಿ, ಎರಡು ಫೋಟೋ ಮುಂದೆ ಹಿಡಿದರು. ನೀವು ಬೆರಳಚ್ಚು ನೋಡುವವರಂತೆ, ಇವೆರಡೂ ಒಂದೇ ಕಾರೋ ಬೇರೆಯೋ ಹೇಳಿ ಎಂದರು. ಕಾರಿನ ಜಾತಿ ನನಗೆ ಗೊತ್ತಿರಲಿಲ್ಲ. ಆದರೆ ತಗಡು ಜೋಡಿಸಿದ ರಿವೆಟ್ ಮೊಳೆಗಳ ಸಾಲು ಕಣ್ಣಿಗೆ ಬಿತ್ತು. ಎರಡು ಬೆರಳಿನ ರೇಖೆ ಹೇಗೆ ಒಂದೇ ಆಗಿರುವುದಿಲ್ಲವೋ ಹಾಗೆಯೇ ಕೈಯಿಂದ ಬಡಿದ ಎರಡು ತಗಡಿನ ರಿವೆಟ್ ಸಾಲೂ ಒಂದೇ ಆಗಿರುವುದಿಲ್ಲ. ಹತ್ತಿ ತೆಗೆದ ಮೇಲೆ, ಬೇರೆ ಬೇರೆ ಎಂದೆ. ಎಣಿಸಿ ತೋರಿಸಿದೆ. ಅಂದಿನಿಂದ ಪ್ರತಿ ಭಾನುವಾರ ಒಂಬತ್ತರಿಂದ ಹನ್ನೊಂದರವರೆಗೆ ನನ್ನ ಭೂತಗನ್ನಡಿಯ ಜೊತೆ ಅಲ್ಲಿ ಹಾಜರ್.

ನಮ್ಮ ವಿಭಾಗದ ಪದ್ಧತಿಯನ್ನೇ ಅಲ್ಲಿಯೂ ಜಾರಿಗೆ ತಂದೆ. ನೋಡುವವರು ಇಬ್ಬರು. ಮಾತಾಡದೆ ನೋಡಬೇಕು. ಕಂಡ ಗುರುತುಗಳನ್ನು ಬೇರೆ ಬೇರೆ ಚೀಟಿಯಲ್ಲಿ ಬರೆದು ಮಡಿಸಿ, ಒಟ್ಟಿಗೆ ಬಿಚ್ಚಬೇಕು. ಎರಡೂ ಚೀಟಿಯಲ್ಲಿ ಎಂಟು ಗುರುತು ಹೊಂದಿದರೆ ಮಾತ್ರ ‘ಹೌದು’. ಏಳಾದರೆ ಇಲ್ಲ. ಸಂಬಂಧಪಟ್ಟವರು ಚೀಟಿ ಬರೆಯುವಂತಿಲ್ಲ. ಫೋಟೋ ನೋಡುವ ಮೊದಲು ನೆನಪಿನಲ್ಲಿರುವುದನ್ನು ಹೇಳಬಹುದು, ಅಷ್ಟೆ. ಬರೆದ ಚೀಟಿಯನ್ನು ಹರಿಯಬಾರದು. ತಪ್ಪಿದ್ದರೆ ಕೆಂಪು ಗೆರೆ ಎಳೆದು ಸಹಿ ಹಾಕಬೇಕು. ಮೊದಮೊದಲು ಡಾಕ್ಟರು ನಕ್ಕರು. ಈ ಪದ್ಧತಿಯಿಂದ ಹದಿನೇಳು ಹಳೆಯ ತಪ್ಪು ಫಲಕಗಳು ಸರಿಯಾದ ಮೇಲೆ ನಗಲಿಲ್ಲ.

ಹಿಂದಿನ ಭಾನುವಾರ ಮೇಸ್ತ್ರಿಯವರ ಸರದಿ. ಫೋಟೋ ನೋಡುವ ಮೊದಲು ಅವರು ಹೇಳಿದ್ದನ್ನು ಬರೆದುಕೊಂಡೆ. ಅಪಘಾತಕ್ಕೆ ಸಿಕ್ಕಿ ಮೂಲೆಗೆ ಬಿದ್ದಿದ್ದ ಟ್ಯಾಕ್ಸಿಯೊಂದರ ಎಂಜಿನ್. ಆಗ ಕೆಲಸಕ್ಕಿದ್ದ ಗ್ಯಾರೇಜಿಗೆ ರಜೆಯಿರುವ ದಿನಗಳಲ್ಲಿ ನಾಲ್ಕು ತಿಂಗಳ ಕೆಲಸ. ಬಿಸಿ ಹೊರಹೋಗಲು ಎಂಜಿನ್ನಿನ ಪಕ್ಕದ ತಗಡಿನಲ್ಲಿ ಮೀನಿನ ಕಿವಿರಿನ ಹಾಗೆ ಕೊಯ್ದು ಉಬ್ಬಿಸಿದ ಒಂಬತ್ತು ಸೀಳು. ಸೈಲೆನ್ಸರ್ ಪೈಪು ಎಡಕ್ಕೆ. ಮದ್ರಾಸಿನ ಆಚೆ ಯಾರೂ ಬಳಸದ ವಿಮಾನದ ರನ್‌ವೇಯೊಂದರಲ್ಲಿ ಅದು ಓಡಿ, ನಾಲ್ಕನೆಯದಾಗಿ ಬಂತು. ಆಮೇಲೆ ಮಾರಾಟವಾಗಿ ಎತ್ತಲೋ ಹೋಯಿತು.

ಫೋಟೋದಲ್ಲಿ ಒಂಬತ್ತು ಸೀಳು ಇದ್ದವು. ಪೈಪು ಮಾತ್ರ ಬಲಕ್ಕಿತ್ತು. ಪೈಪು ಬದಿ ಬದಲಾಯಿಸುವುದಿಲ್ಲ. ಎಂಜಿನ್ ಯಾವ ಕಡೆ ಹೊಗೆ ಬಿಡುತ್ತದೋ ಆ ಕಡೆಯೇ ಪೈಪು. ನನ್ನ ಚೀಟಿಯಲ್ಲಿ ‘ಇದಲ್ಲ’ ಎಂದು ಬರೆದೆ. ಡಾಕ್ಟರೂ ಹಾಗೆಯೇ ಬರೆದಿದ್ದರು. ಆಮೇಲೆ ಫೋಟೋವನ್ನು ಮೇಸ್ತ್ರಿಯವರ ಕೈಗೆ ಕೊಟ್ಟೆವು. ಅವರು ಬಹಳ ಹೊತ್ತು ನೋಡಿದರು.

“ಕಾರು ನಂದೇ ಮೇಡಂ,” ಎಂದರು. “ಆದ್ರೆ ಪೈಪು ನಂದಲ್ಲ.”

ಬೇರೆ ಯಾರೇ ಆಗಿದ್ದರೂ, ಎಡ ಅಂದೆನಾ, ಬಲ ಅನ್ನೋದರ ಬದಲು ಹೇಳಿರಬೇಕು ಎಂದು ಮಾತು ತಿರುಗಿಸುತ್ತಿದ್ದರು. ಅವರು ತಿರುಗಿಸಲಿಲ್ಲ. ಟೋಪಿ ಹಾಕಿಕೊಂಡು ಹೋದರು. ಅದು ನನ್ನನ್ನು ವಾರಪೂರ್ತಿ ಕೊರೆಯಿತು.

ಶನಿವಾರ ಮಧ್ಯಾಹ್ನ ಮೂರು ಗಂಟೆ ಇಸ್ತ್ರಿಯ ಹೊತ್ತು. ನನ್ನ ಯಜಮಾನರ ಅಂಗಿಗಳನ್ನು ನಾನೇ ಇಸ್ತ್ರಿ ಮಾಡುತ್ತೇನೆ. ಅವರು ಮಾಡಿದರೆ ಕಾಲರ್ ಸುಡುತ್ತದೆ. ನಾಲ್ಕನೆಯ ಅಂಗಿಯ ಜೇಬಿನ ಮೇಲೆ ಪೆಟ್ಟಿಗೆ ಓಡಿಸುವಾಗ ಕೈ ನಿಂತಿತು. ಗಂಡಸರ ಅಂಗಿಯ ಜೇಬು ಎಡಕ್ಕಿರುತ್ತದೆ. ಆ ಫೋಟೋದಲ್ಲಿ ಕಾರಿನ ಪಕ್ಕ ಸೊಂಟಕ್ಕೆ ಕೈಯಿಟ್ಟು ನಿಂತಿದ್ದ ಒಬ್ಬನ ಜೇಬು ಬಲಕ್ಕಿತ್ತು. ಅದನ್ನು ಕಂಡಿದ್ದೆ. ಕಂಡೂ ಬರೆದಿರಲಿಲ್ಲ, ಏಕೆಂದರೆ ನಾನು ನೋಡಬೇಕಾಗಿದ್ದುದು ಕಾರು, ಮನುಷ್ಯನಲ್ಲ.

ನೆಗೆಟಿವ್ ಅನ್ನು ಮಗುಚಿಟ್ಟು ಪ್ರಿಂಟ್ ಹಾಕಿದ್ದರು. ಎಡ ಬಲವಾಗಿತ್ತು, ಬಲ ಎಡವಾಗಿತ್ತು. ಅಕ್ಷರವಿದ್ದ ಫೋಟೋ ಆಗಿದ್ದರೆ ಯಾರಿಗಾದರೂ ತಿಳಿಯುತ್ತಿತ್ತು. ಇಲ್ಲಿ ಇದ್ದದ್ದು ಹನ್ನೊಂದು ಎಂಬ ಅಂಕಿ, ಎರಡು ನೇರ ಗೆರೆ, ಮಗುಚಿದರೂ ಅದೇ. ಓಡಿಸುವವನು ಕೂರುವುದೂ ನಟ್ಟನಡುವೆ, ಹಾಗಾಗಿ ಸ್ಟಿಯರಿಂಗ್ ಯಾವ ಕಡೆ ಎಂಬ ಮಾತೂ ಇಲ್ಲ. ಇವೆಲ್ಲ ಸಮಜಾಯಿಷಿಗಳು. ಕೆಲಸಕ್ಕೆ ಸೇರಿದ ಮೊದಲ ವಾರವೇ ನನ್ನ ಮೇಲಧಿಕಾರಿ ಕಲಿಸಿದ್ದು ಇದನ್ನೇ: ಮೊದಲು ಫೋಟೋ ಸರಿಮುಖ ಇದೆಯೇ ನೋಡು, ಆಮೇಲೆ ರೇಖೆ ನೋಡು. ಮಗುಚಿದರೆ ಎಡಕ್ಕೆ ಬಾಗಿದ ರೇಖೆ ಬಲಕ್ಕೆ ಬಾಗುತ್ತದೆ, ನಿರಪರಾಧಿ ಅಪರಾಧಿಯಾಗುತ್ತಾನೆ. ಈ ಪಾಠವನ್ನು ನಾನು ಹನ್ನೊಂದು ಮಂದಿ ಕಿರಿಯರಿಗೆ ಹೇಳಿಕೊಟ್ಟಿದ್ದೇನೆ. ಉಳಿದ ಅಂಗಿಗಳನ್ನು ಮುಗಿಸಿ, ಪೆಟ್ಟಿಗೆ ಆರಿಸಿ, ಡಾಕ್ಟರಿಗೆ ಫೋನು ಮಾಡಿದೆ. ಮೇಸ್ತ್ರಿಯವರನ್ನು ಮತ್ತೆ ಕರೆಸಿ ಎಂದೆ. ಅವರು ಬರಲೊಪ್ಪಲಿಲ್ಲವಂತೆ, ಹೆಂಡತಿಯೇ ಎಬ್ಬಿಸಿ ಕರೆತಂದದ್ದು. ಒಂದು ಸಲ ಪೂರ್ತಿ ಸುಳ್ಳು ಅಂತಲಾದರೂ ಆಗಲಿ, ಕೇಳಿ ಕೇಳಿ ಸಾಕಾಗಿದೆ ಎನ್ನುವುದು ಆಕೆಯ ವಾದ. “ಇವರ ಕಾರು ಬಾಯಲ್ಲೇ ಓಡೋದು ಕಣ್ರೀ,” ಎಂದು ಬಂದ ಕೂಡಲೇ ಡಾಕ್ಟರಿಗೆ ತಿಳಿಸಿದರು.

ಭಾನುವಾರ ಒಂಬತ್ತೂ ಐದಕ್ಕೆ ಹಿಂದಿನ ವಾರದ ನನ್ನ ಚೀಟಿಯನ್ನು ಎಲ್ಲರೆದುರು ತೆಗೆದು ಕೆಂಪು ಗೆರೆ ಎಳೆದು ಸಹಿ ಹಾಕಿದೆ. ಜೇಬಿನ ಸಂಗತಿ ಹೇಳಿದೆ. ರೋಗಿಗಳು ತಮ್ಮ ಹಲ್ಲು ನೋಡಿಕೊಳ್ಳಲೆಂದು ಇಟ್ಟಿರುವ ಕೈಗನ್ನಡಿಯನ್ನು ಡಾಕ್ಟರು ತಂದರು. ಫೋಟೋವನ್ನು ಅದರೆದುರು ನಿಲ್ಲಿಸಿದೆವು. ಜೇಬು ಎಡಕ್ಕೆ ಬಂತು. ಪೈಪೂ ಎಡಕ್ಕೆ ಬಂತು.

ಮೇಸ್ತ್ರಿ ಎದ್ದು ಬಂದು ಕನ್ನಡಿಯೊಳಗೆ ಬಗ್ಗಿ ನೋಡಿದರು. ಇಷ್ಟರಿಂದಲೇ ಹೌದೆನ್ನಲಾಗದು ಎಂದು ಡಾಕ್ಟರೇ ಮೊದಲು ಹೇಳಿದರು. ಎಡಕ್ಕೆ ಪೈಪಿದ್ದ ಕಾರು ಊರಿಗೆ ಹತ್ತು ಇದ್ದಾವು. ಸರಿಯಾದ ಮಾತು. ನಾನು ಭೂತಗನ್ನಡಿ ಹಿಡಿದು ಸೀಳುಗಳನ್ನು ಮತ್ತೆ ಮುಂದಿನಿಂದ ಎಣಿಸಿದೆ. ಎಂಟು ಸೀಳುಗಳ ನೆರಳು ಹಿಂದಿನ ಅಂಚಿಗೆ ಬಿದ್ದಿತ್ತು. ಆರನೆಯದರ ನೆರಳು ಮುಂದಿನ ಅಂಚಿಗೆ. ಹಿಂದಿನ ವಾರ ಅದನ್ನು ಪ್ರಿಂಟಿನ ಮೇಲಿನ ಕಲೆ ಎಂದುಕೊಂಡಿದ್ದೆ. ಕಲೆಯಲ್ಲ. ಎಂಟು ಸೀಳು ಹಿಂದಕ್ಕೆ ಬಾಯಿ ತೆರೆದಿದ್ದವು, ಒಂದು ಮಾತ್ರ ಮುಂದಕ್ಕೆ. ಆರನೆಯದು ಉಲ್ಟಾ ಇದೆ ಎಂದು ಗಟ್ಟಿಯಾಗಿ ಹೇಳಿದೆ.

ಮೇಸ್ತ್ರಿ ತಲೆ ತಗ್ಗಿಸಿದರು. ಅದನ್ನು ಅವರು ಹಿಂದಿನ ವಾರ ಹೇಳಿರಲಿಲ್ಲ. ಮರೆತಿರಲೂ ಇಲ್ಲ ಎಂಬುದು ಮುಖ ನೋಡಿದರೇ ತಿಳಿಯುತ್ತಿತ್ತು.

ಅಷ್ಟರಲ್ಲಿ ಅವರ ಹೆಂಡತಿ ಕುರ್ಚಿಯಿಂದ ಎದ್ದರು. “ತಡೀರಿ ಮೇಡಮ್ಮ. ಒಂಬತ್ತು ಸೀಳು, ಒಂದು ತಿರುಗಾಮುರುಗಾ? ನಮ್ಮ ತೊಟ್ಟಿ ಮ್ಯಾಲೆ ಮುಚ್ಚಿರೋ ತಗಡೂ ಅಂಗೇ ಅದೆ. ಚೊಂಬಲ್ಲಿ ನೀರು ಹೊಯ್ದು ತೊಳೆದ್ರೆ ಎಂಟು ಸೀಳು ಗೋಡೆ ಕಡೆಗೆ ಜಾರಿಸ್ತವೆ. ಒಂದು ಮಾತ್ರ ಬಾಯ್ ತಕ್ಕೊಂಡು ನನ್ನ ಸೀರೆ ಮ್ಯಾಲೆ ಎರಚ್ತದೆ. ಮದುವೆ ಆದಾಗಿಂದ ನೆನೀತಾ ಇವ್ನಿ.” ಆಮೇಲೆ ಗಂಡನ ಕಡೆ ತಿರುಗಿ, “ಅದು ಗುಜರಿದು ಅಂದಿದ್ರಲ್ಲ?” ಎಂದು ಕೇಳಿದರು.

ಮೇಸ್ತ್ರಿ ಟೋಪಿ ಹಾಕಿಕೊಂಡು ಮೆಟ್ಟಿಲ ಕಡೆ ನಡೆದರು.

ಹತ್ತು ಗಂಟೆಗೆ ಡಾಕ್ಟರ ಕಾರಿನಲ್ಲಿ ನಾಲ್ವರೂ ಬೋಗಾದಿಗೆ ಹೊರಟೆವು. ಹನ್ನೊಂದಕ್ಕೆ ಮೊದಲೇ ಮನೆ ಮುಟ್ಟುವುದರಿಂದ ಆ ಹೆಂಗಸಿಗೂ ಸಮಾಧಾನ. ದಾರಿಯಲ್ಲಿ ಮೇಸ್ತ್ರಿ ಸ್ವಲ್ಪ ಸ್ವಲ್ಪವಾಗಿ ಬಾಯಿ ಬಿಟ್ಟರು. ಸೀಳು ಕೊಯ್ಯುವ ದಿನ ಅವಸರದಲ್ಲಿದ್ದರಂತೆ. ಐದು ಕೊಯ್ದು, ಊಟಕ್ಕೆ ಹೋಗಿ ಬಂದು, ತಗಡನ್ನು ತಿರುಗಿಸಿ ಇಟ್ಟದ್ದನ್ನು ಗಮನಿಸದೆ ಆರನೆಯದನ್ನು ಕೊಯ್ದರು. ಬೇರೆ ತಗಡು ತರುವಷ್ಟು ಸಮಯವಿರಲಿಲ್ಲ. ಅದರಲ್ಲೇ ಕಾರು ಓಡಿತು. ಊರಿಗೆ ಮರಳಿದ ಮೇಲೆ ಹೊಸ ತಗಡು ಮಾಡಿ ಹಾಕಿದರು. ಹಳೆಯದನ್ನು ಗುಜರಿಗೆ ಹಾಕಲು ಹೋದಾಗ ಗ್ಯಾರೇಜಿನ ಉಸ್ತಾದರು ತಡೆದರು. ಆ ಗ್ಯಾರೇಜಿನಲ್ಲಿ ಒಂದು ಕಟ್ಟಳೆ ಇತ್ತು: ಕೆಟ್ಟ ಕೆಲಸವನ್ನು ಮಾರಬಾರದು, ಎಸೆಯಲೂ ಬಾರದು, ಮಾಡಿದವನೇ ಮನೆಗೆ ಒಯ್ದು ದಿನಾ ಕಣ್ಣಿಗೆ ಬೀಳುವ ಕಡೆ ಬಳಸಬೇಕು. ಹಾಗೆ ಆ ತಗಡು ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ನೀರಿನ ತೊಟ್ಟಿಗೆ ಮುಚ್ಚಳವಾಯಿತು.

ಆ ಉಸ್ತಾದರನ್ನು ನಾನು ಕಂಡಿಲ್ಲ. ಕಂಡಿದ್ದರೆ ನಮ್ಮ ವಿಭಾಗಕ್ಕೆ ಕರೆದೊಯ್ಯುತ್ತಿದ್ದೆ.

ಮನೆ ಬೋಗಾದಿಯ ಹಳೆಯ ಬೀದಿಯಲ್ಲಿ. ಮೂರು ಕಡೆಯೂ ಬಾಡಿಗೆ ಮನೆಗಳ ಹೊಸ ಕಟ್ಟಡ ಏಳುತ್ತಿದ್ದು, ಹಿತ್ತಲಿನಲ್ಲಿ ನಿಂತರೆ ಗಾರೆಯ ಧೂಳು. ತೊಟ್ಟಿಯ ಮೇಲೆ ತಗಡು, ತಗಡಿನ ಮೇಲೆ ಎರಡು ಇಟ್ಟಿಗೆ. ಇಟ್ಟಿಗೆ ಸರಿಸಿ, ತಗಡನ್ನು ಒಗೆಯುವ ಕಲ್ಲಿಗೆ ಒರಗಿಸಿದೆವು. ತೆರೆದ ತೊಟ್ಟಿಯ ಬಾಯಿಯನ್ನು ನಾನು ಟೇಪಿನಿಂದ ಅಳೆದು ಬರೆದುಕೊಂಡೆ. ಮೇಸ್ತ್ರಿಯವರಿಗೆ ಹಿತ್ತಲ ಬಾಗಿಲ ಮೆಟ್ಟಿಲ ಮೇಲೆ ಕೂರಲು ಹೇಳಿದೆ. ಸಂಬಂಧಪಟ್ಟವರು ಹತ್ತಿರ ಬರುವಂತಿಲ್ಲ.

ಡಾಕ್ಟರು ಕಲ್ಲಿನ ಆ ಕಡೆ, ನಾನು ಈ ಕಡೆ. ಹತ್ತೂ ನಲವತ್ತಕ್ಕೆ ಶುರುಮಾಡಿದೆವು. ಡಾಕ್ಟರು ಕ್ಲಿನಿಕ್ಕಿನಿಂದ ಹೊರಡುವ ಮೊದಲೇ ಫೋಟೋವನ್ನು ಸರಿಮುಖಕ್ಕೆ ತಿರುಗಿಸಿ ಎರಡು ಪ್ರತಿ ತೆಗೆದಿದ್ದರು. ಆ ಹೆಂಗಸು ನಮ್ಮಿಬ್ಬರ ನಡುವೆ ಕೂತು ಬಟ್ಟೆ ಹಿಂಡುತ್ತಿದ್ದರು. ಹನ್ನೊಂದೂ ಹತ್ತಕ್ಕೆ ಚೀಟಿ ಬಿಚ್ಚಿದೆವು. ನನ್ನಲ್ಲಿ ಒಂಬತ್ತು, ಅವರಲ್ಲಿ ಏಳು. ಸೀಳುಗಳ ಸಂಖ್ಯೆ, ಆರನೆಯದರ ದಿಕ್ಕು, ಕೆಳಗಿನ ಅಂಚಿನಲ್ಲಿ ಹದಿನಾಲ್ಕು ರಿವೆಟ್ ತೂತು, ಅವುಗಳಲ್ಲಿ ಮೂರನೆಯದೂ ನಾಲ್ಕನೆಯದೂ ಒಂದಕ್ಕೊಂದು ಅಂಟಿದ ಹಾಗೆ ಇರುವುದು, ಪೈಪು ಹೊರಬರಲು ಕತ್ತರಿಸಿದ ಅರ್ಧಚಂದ್ರ, ಹೀಗೆ ಏಳು ಹೊಂದಿದವು. ನನ್ನ ಉಳಿದೆರಡರಲ್ಲಿ ಒಂದು ಮಡಚಿದ ಮೂಲೆ. ಅದು ತೊಟ್ಟಿಯ ಮೇಲೆ ಬಂದ ಮೇಲೂ ಮಡಚಿರಬಹುದು ಎಂದರು ಡಾಕ್ಟರು. ನಿಜ. ಹೊಡೆದುಹಾಕಿದೆ. ಇನ್ನೊಂದು, ಹಿಂಭಾಗದ ಸ್ಕ್ರೂ ತೂತು. ಫೋಟೋದಲ್ಲಿ ಆ ಜಾಗ ಸವೆದಿತ್ತು. ಅದನ್ನೂ ಹೊಡೆದುಹಾಕಿದೆ.

ಏಳು. ಮೆಟ್ಟಿಲ ಮೇಲಿದ್ದ ಮೇಸ್ತ್ರಿಯವರಿಗೆ ಅದು ಕೇಳಿಸಿತು. ಮೂರು ವರ್ಷದಲ್ಲಿ ಏಳಕ್ಕೆ ಹೌದೆಂದು ಒಮ್ಮೆಯೂ ಬರೆದಿರಲಿಲ್ಲ, ಅಂದೂ ಬರೆಯುವವಳಲ್ಲ.

“ಒಂದು ಕಮ್ಮಿಯಾ?” ಎಂದು ಆ ಹೆಂಗಸು ಕೇಳಿದರು. “ಸುತ್ತಿಗೆ ಅದೆ, ನಾನೇ ಒಂದು ತೂತು ಹೊಡೆದುಕೊಡ್ಲಾ?”

ಡಾಕ್ಟರು ನಕ್ಕರು, ಆದರೆ ಕೆಲಸ ಬಿಡಲಿಲ್ಲ. ಹಲ್ಲು ನೋಡುವಾಗ ಹಾಕಿಕೊಳ್ಳುವ ಕನ್ನಡಕವನ್ನು ಜೇಬಿನಿಂದ ತೆಗೆದು, ಅರ್ಧಚಂದ್ರದ ಅಂಚನ್ನು ಬೆರಳಿನಿಂದ ಸವರುತ್ತಾ ಹೋದರು. ಒಂದು ಕಡೆ ಬೆರಳು ನಿಂತಿತು. ಗರಗಸ ಜಾರಿದ್ದರಿಂದ ಅಂಚಿನಲ್ಲಿ ಜೋಳದ ಕಾಳಿನಷ್ಟು ತುಂಡು ಹಾರಿಹೋಗಿತ್ತು. ಅವರು ಏನೂ ಹೇಳದೆ ನನಗೆ ಜಾಗ ಬಿಟ್ಟರು. ನಾನು ಫೋಟೋದ ಅದೇ ಜಾಗಕ್ಕೆ ಭೂತಗನ್ನಡಿ ಹಿಡಿದೆ. ಪೈಪಿನ ಮೇಲಂಚಿನ ಹಿಂದೆ ಒಂದು ಕಪ್ಪು ಕಾಳು. ಇಬ್ಬರೂ ಬೇರೆ ಬೇರೆ ಬರೆದೆವು, ಬಿಚ್ಚಿದೆವು. ಎಂಟು. ಸಮಯ ಹನ್ನೊಂದೂ ಮೂವತ್ತೈದು.

ವೃತ್ತಿಯಲ್ಲಿದ್ದಾಗ ನನ್ನ ಸಹಿಯಿಂದ ಕೆಲವರು ಒಳಗೆ ಹೋಗಿದ್ದಾರೆ, ಕೆಲವರು ಹೊರಗೆ ಬಂದಿದ್ದಾರೆ. ಆ ಯಾವ ಸಹಿಯನ್ನೂ ಅಂದಿನಷ್ಟು ದೊಡ್ಡದಾಗಿ ಹಾಕಿರಲಿಲ್ಲ.

ಫಲಕಕ್ಕೆ ಬರೆದದ್ದನ್ನು ಮೇಸ್ತ್ರಿಯವರಿಗೆ ಓದಿ ಹೇಳಿದೆ. ಅವರ ಪೂರ್ತಿ ಹೆಸರು, ತಂದೆಯ ಹೆಸರಿನ ಮೊದಲಕ್ಷರ ಸಹಿತ. ಟ್ಯಾಕ್ಸಿಯ ಎಂಜಿನ್, ನಾಲ್ಕನೆಯ ಸ್ಥಾನ. ಕಾರಿನ ಎಡಬದಿಯ ಮೂಲ ತಗಡನ್ನು ಫೋಟೋದ ಕೆಳಗೆ ಇಡಲಾಗಿದೆ, ಆರನೆಯ ಸೀಳು ಉಲ್ಟಾ ಇರುವುದರಿಂದ ಕಾರನ್ನು ಗುರುತಿಸಲಾಯಿತು. ಕೊನೆಯ ಸಾಲಿಗೆ ಬಂದಾಗ ಅವರ ಮುಖ ಕಳೆಗುಂದಿತು.

“ಬ್ಯಾಡ ಬುಡಿ ಮೇಡಂ,” ಎಂದರು. “ತಿಳಿದಿಲ್ಲ ಅಂತಾನೇ ಇರ್ಲಿ. ಊರೆಲ್ಲ ಬಂದು ನನ್ನ ತಪ್ಪು ಎಣಿಸೋದು ಬ್ಯಾಡ.”

ಆ ಸಾಲು ಬಿಟ್ಟು ಹೆಸರನ್ನಷ್ಟೇ ಹಾಕೋಣ ಎಂದು ಡಾಕ್ಟರು ಮೆಲ್ಲಗೆ ಸೂಚಿಸಿದರು. ಅದು ಆಗದು. ಯಾವ ಆಧಾರದಿಂದ ಗುರುತಿಸಿದೆವೋ ಅದನ್ನು ಮುಚ್ಚಿಟ್ಟು ಹೆಸರು ಹಾಕಿದರೆ, ನಾಳೆ ಯಾರಾದರೂ ಕೇಳಿದಾಗ ಮತ್ತೆ ಅದೇ ಬಾಯಲ್ಲಿ ಓಡುವ ಕಾರು. ಅವರ ಅನುಮತಿಯಿಲ್ಲದೆ ಬರೆಯುವುದೂ ಆಗದು. ನಾನು ಚೀಲದಿಂದ ಕೆಂಪು ಗೆರೆ ಎಳೆದ ನನ್ನ ಚೀಟಿಯನ್ನು ತೆಗೆದು ಅವರ ಕೈಯಲ್ಲಿಟ್ಟೆ. ಇದನ್ನೂ ಆ ತಗಡಿನ ಪಕ್ಕದಲ್ಲಿ ಇಡಿಸುತ್ತೇನೆ ಎಂದೆ. ಮೂವತ್ತನಾಲ್ಕು ವರ್ಷ ಅದೇ ಕೆಲಸ ಮಾಡಿದವಳು, ಫೋಟೋ ಮಗುಚಿದ್ದನ್ನು ನೋಡದೆ ನಿಮ್ಮನ್ನು ಸುಳ್ಳುಗಾರ ಮಾಡಿದ್ದೆ. ಇದಕ್ಕಿಂತ ನಿಮ್ಮ ಸೀಳು ವಾಸಿ. ಅದರಿಂದ ಕಾರೇನೂ ನಿಲ್ಲಲಿಲ್ಲ.

ಅವರು ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಹೆಂಡತಿ ಒದ್ದೆ ಕೈ ಒರೆಸಿಕೊಂಡು ಬಂದು ಪಕ್ಕದಲ್ಲಿ ನಿಂತರು.

“ಐವತ್ತು ವರ್ಷ ನನ್ನ ಸೀರೆ ನೆನೆಸ್ತು,” ಎಂದರು. “ಆಗ ಇಲ್ಲದ ನಾಚಿಕೆ ಈಗ್ಯಾಕೆ? ಊರೋರು ನೋಡ್ಲಿ ಬುಡಿ. ಇದು ಓಡಿದ ಕಾರಿಂದು ಅಂತ ಮೊದ್ಲೇ ಹೇಳಿದ್ರೆ, ಅದರ ಮ್ಯಾಲೆ ಸೋಪಿನ ಬಟ್ಟೆ ಇಕ್ತಿದ್ನಾ ನಾನು?”

ಮೇಸ್ತ್ರಿ ಹೆಂಡತಿಯನ್ನು ನೋಡಿದರು. ಆಮೇಲೆ ಚೀಟಿಯನ್ನು ನನಗೆ ವಾಪಸು ಕೊಟ್ಟರು.

“ಬರ್ಕೊಳಿ. ಮುಂದ್ಗಡೆಯಿಂದ ಆರನೇದು ಅಂತ ಸರಿಯಾಗಿ ಬರೀರಿ. ಹಿಂದಿಂದ ಎಣಿಸಿದ್ರೆ ನಾಲ್ಕನೇದಾಗ್ತದೆ.”

ತಿದ್ದಿದೆ. ಅದು ನನ್ನ ಗಮನಕ್ಕೆ ಬರಬೇಕಿತ್ತು, ಬಂದಿರಲಿಲ್ಲ.

ಮೇಸ್ತ್ರಿಯವರೇ ತಗಡನ್ನು ಹುಣಸೆಹಣ್ಣು ಹಾಕಿ ಉಜ್ಜಿದರು. ನಾವು ಸಹಾಯಕ್ಕೆ ಹೋದರೆ ಬಿಡಲಿಲ್ಲ. ಮಧ್ಯಾಹ್ನ ಅವರ ಮನೆಯಲ್ಲೇ ಮುದ್ದೆ, ಅವರೆಕಾಳಿನ ಸಾರು. ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿದ ತಗಡನ್ನು ಡಾಕ್ಟರ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿದೆವು. ಅದನ್ನು ಕಾರಿನಲ್ಲಿ ಇಡುವಾಗ ಮೇಸ್ತ್ರಿ ಎರಡೂ ಕೈಯಿಂದ ಹಿಡಿದಿದ್ದರು. ಎದುರುಮನೆಯ ಜಗಲಿಯಲ್ಲಿ ಟೀ ಅಂಗಡಿಯ ಗಿರಾಕಿಗಳಿಬ್ಬರು ಕೂತಿದ್ದರು. ಅದೇನು ಮೇಸ್ತ್ರಿ ಎಂದು ಕೇಳಿದ್ದಕ್ಕೆ, ಪ್ರದರ್ಶನಕ್ಕೆ ಬನ್ನಿ, ಓದಿಕೊಳ್ಳುವಿರಂತೆ ಎಂದರು. ನಾಲ್ಕೂ ಹತ್ತಕ್ಕೆ ಫಲಕದ ಬರಹ ಮುದ್ರಣದವರ ಕೈ ಸೇರಿತು. ಐವತ್ತು ನಿಮಿಷ ಮುಂಚೆ.

ನನಗೆ ಇನ್ನೊಂದು ಕೆಲಸ ಉಳಿದಿತ್ತು. ಮನೆಗೆ ಹೋಗಿ ಅಟ್ಟದ ಮೇಲಿದ್ದ ಹಳೆಯ ಕಪಾಟಿನ ಬಾಗಿಲು ಇಳಿಸಿದೆ. ತೇಗದ್ದು. ಬೆಳಿಗ್ಗೆ ಬರೆದುಕೊಂಡ ಅಳತೆಗೆ ಎರಡಿಂಚು ಹೆಚ್ಚಿತ್ತು. ಯಜಮಾನರು ಗರಗಸ ಹಿಡಿದರು, ನಾನು ಗೆರೆ ಹಾಕಿದೆ. ಆಟೋದಲ್ಲಿ ಇಟ್ಟುಕೊಂಡು ಮತ್ತೆ ಬೋಗಾದಿಗೆ ಹೋದೆ. ತೊಟ್ಟಿಯ ಮೇಲೆ ಕೂರಿಸಿದೆ. ಸರಿಯಾಗಿ ಕೂತಿತು. ಎರಡು ಇಟ್ಟಿಗೆಯನ್ನೂ ಹಿಂದಿದ್ದ ಜಾಗದಲ್ಲೇ ಇಟ್ಟೆ.

ಆ ಹೆಂಗಸು ನಂಬಲಿಲ್ಲ. ಚೊಂಬಿನಲ್ಲಿ ನೀರು ತಂದು, ಎಂದಿನ ಜಾಗದಲ್ಲಿ ನಿಂತು, ಮುಚ್ಚಳದ ಮೇಲೆ ಹೊಯ್ದರು. ನೀರು ಗೋಡೆಯ ಕಡೆಗೆ ಹರಿದುಹೋಯಿತು. ಸೆರಗು ಮುಟ್ಟಿ ನೋಡಿಕೊಂಡರು. ಒಣಗಿಯೇ ಇತ್ತು.

“ಇದ್ಯಾವ ಕಾರಿಂದು ಮೇಡಮ್ಮ?” ಎಂದು ಕೇಳಿದರು.

ಕಪಾಟಿಂದು ಎಂದೆ. ಆರೂ ಇಪ್ಪತ್ತಾಗಿತ್ತು. ಟೇಪು ಸುತ್ತಿ ಚೀಲಕ್ಕೆ ಹಾಕಿಕೊಂಡೆ.